ಸೋಪಿನ ನೀರಲ್ಲಿ ಹೊಳೆದ ಈರುಳ್ಳಿ

ನಮ್ಮ ಬಾಟನಿ ಮೇಡಂ ಅವರ ಬಲಗಣ್ಣಿನ ಸುತ್ತ ಸದಾ ಒಂದು ಕಪ್ಪು ಉಂಗುರ. ಆಂಧ್ರ ಗಡಿಯ ರಾಯದುರ್ಗದ ಕಾಲೇಜಿನ ಹಳೆಯ ಮೈಕ್ರೋಸ್ಕೋಪಿನ ಬಣ್ಣ ಅದು. ಆತುರದಲ್ಲಿ ಕಣ್ಣನ್ನು ಅಷ್ಟು ಒತ್ತಿ ಇಡುತ್ತಿದ್ದರು. ಬೆಳುಗುಪ್ಪ ಕಡೆಯವರು. ಪಾಠ ತೆಲುಗಿನಲ್ಲಿ, ಖುಷಿ ಮಾತ್ರ ಕನ್ನಡದಲ್ಲಿ.

ಬೆಳಕು ಬಿದ್ದರೆ ತಾನೇ ಹೊಳೆಯುವ ಬಣ್ಣಗಳಿವೆ, ಅವನ್ನು ಹಚ್ಚಿದರೆ ಜೀವಕೋಶದ ಅಂಚು ದೀಪದಂತೆ ಕಾಣುತ್ತದೆ ಎಂದು ಅವರು ವರ್ಷವರ್ಷವೂ ಪಾಠ ಮಾಡಿದ್ದರು. ಒಮ್ಮೆಯೂ ನೋಡಿರಲಿಲ್ಲ. ಅಂಥ ಬಣ್ಣ ನಮ್ಮ ಕಾಲೇಜಿಗೆ ಗಗನಕುಸುಮ. ನಿವೃತ್ತಿ ಹತ್ತಿರ ಬಂದಾಗ ಹಟ ಹಿಡಿದರು: "ಕಣ್ಣಾರೆ ನೋಡ್ಲಾರದ್ದನ್ನ ಪಾಠ ಮಾಡಿ ಮನೀಗೆ ಹೋಗೂದು ಹೆಂಗ್ರಿ?"

ಬಟ್ಟೆ ಅಂಗಡಿಯಿಂದ ಕಳ್ಳನೋಟು ಪತ್ತೆ ಮಾಡುವ ನೇರಳೆ ಲೈಟು ತಂದರು. ಈರುಳ್ಳಿಯ ಪೊರೆಗೆ ಅರಿಸಿನ ಬಳಿದೆವು, ಎಲ್ಲ ಹಳದಿ ಮುದ್ದೆಯಾಯಿತು. ಒಂದು ಮಧ್ಯಾಹ್ನ ನನ್ನ ಗೆಳತಿ, ಘಾಟು ಹೋಗಲೆಂದು ಈರುಳ್ಳಿಯ ಪೊರೆಯನ್ನು ಬಟ್ಟೆ ನೆನೆಹಾಕುವ ಹಾಗೆ ಸೋಪಿನ ಪುಡಿಯಲ್ಲಿ ನೆನೆಹಾಕಿಬಿಟ್ಟಳು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೇಡಂ ಲೈಟು ಹಿಡಿದರು. ಗೆಳತಿ ಮೈಕ್ರೋಸ್ಕೋಪಿಗೆ ಬಗ್ಗಿ ನೋಡಿದವಳೇ ಕಿರುಚಿದಳು: "ಮೇಡಂ, ಹೊಳೀತೈತ್ರಿ!"

ಬಿಳಿ ಬಟ್ಟೆ ಮಿನುಗಲೆಂದು ಸೋಪಿನ ಪುಡಿಗೆ ಇಂಥದೇ ಬಣ್ಣ ಸೇರಿಸುತ್ತಾರೆ. ಹತ್ತಿ ಯಾವುದರಿಂದ ಆಗಿದೆಯೋ ಈರುಳ್ಳಿಯ ಕೋಶದ ಗೋಡೆಯೂ ಅದರಿಂದಲೇ ಆಗಿದೆ, ಹಾಗಾಗಿ ಬಣ್ಣ ಅದಕ್ಕೂ ಅಂಟಿಕೊಂಡಿತ್ತು. ಮೇಡಂಗೆ ತಕ್ಷಣ ಹೊಳೆಯಿತು. "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾತು ನೋಡ್ರಿ! ಬರ್ರಿ, ಬರ್ರಿ, ಒಬ್ಬೊಬ್ರೇ ನೋಡ್ರಿ!"

ಲೈಟನ್ನು ಓರೆಯಾಗಿ ಹಿಡಿದೇ ಇರಬೇಕು, ಕೈ ಅಲುಗಿದರೆ ಕತ್ತಲು. ಇಡೀ ತರಗತಿ ನೋಡುವವರೆಗೂ ಅವರೇ ಹಿಡಿದರು. "ಏನ್ ಬಣ್ಣ? ಗೋಡಿ ಕಾಣ್ತೈತೇನ?" ಎಂದು ಪ್ರತಿಯೊಬ್ಬರನ್ನೂ ಪೀಡಿಸಿದರು. ಕೊನೆಯವನು ಎದ್ದಾಗ ಲೈಟು ಮಂಕಾಗಿ ಆರಿಹೋಯಿತು. ಮೇಡಂ ನೋಡಿರಲಿಲ್ಲ.

ಪೊರೆ ಒಣಗಿದರೆ ಮುಗಿಯಿತು. ನಾನು ಲೈಟಿಗೆ ಸೆಲ್ ತರಲು ಚಪ್ಪಲಿಯನ್ನೂ ಮೆಟ್ಟದೆ ಬಜಾರಿಗೆ ಓಡಿದೆ. ವಾಪಸು ಬಂದಾಗ ಅವರು ಹನಿಹನಿ ನೀರು ಬಿಡುತ್ತಾ ಪೊರೆಯನ್ನು ಕಾಯುತ್ತಿದ್ದರು. ಈ ಸಲ ಲೈಟು ನಾನು ಹಿಡಿದೆ. ಮೇಡಂ ಬಗ್ಗಿದರು. ಫೋಕಸ್ ಗುಂಡಿಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು.

"ಯವ್ವಾ," ಎಂದರು ಕೊನೆಗೆ. "ನಾನು ಹೇಳಿದ್ದು ಖರೇನೇ ಇತ್ತಲ್ಲ!"

ಕಳೆದ ವರ್ಷ ಮೇಡಂ ತೀರಿಕೊಂಡರು. ನನಗೀಗ ಇಂಥ ಬಣ್ಣಗಳದೇ ಕೆಲಸ, ದೊಡ್ಡ ಪ್ರಯೋಗಾಲಯ. ಹೊಸ ಬಣ್ಣ ಬಂದ ದಿನ ವಿದ್ಯಾರ್ಥಿಗಳನ್ನೆಲ್ಲ ಮೊದಲು ನೋಡಲು ಬಿಟ್ಟು ನಾನು ಸಾಲಿನ ಕೊನೆಯಲ್ಲಿ ನಿಲ್ಲುತ್ತೇನೆ. ಕಷ್ಟ ಮೇಡಂ, ಬಹಳ ಕಷ್ಟ. ನೀವು ಅದು ಹೇಗೆ ತಡೆದುಕೊಂಡಿರಿ?