ಇಬ್ಬರೂ ಸೋತ ಟ್ಯಾಬ್-ಸ್ಪೇಸ್ ಜಗಳ

ಸ್ನೇಹಿತರೇ, ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸಲು ಇನ್ನೊಂದೇ ಗಂಟೆ ಇರುವಾಗ ಇವತ್ತು ನಮ್ಮ ಪ್ರೋಗ್ರಾಮ್ ಕೈಕೊಟ್ಟಿತು.

ಸಾಲಿನ ಮೊದಲು ಜಾಗ ಬಿಡಲು ನಾನು ಟ್ಯಾಬ್ ಕೀ ಒತ್ತುತ್ತೇನೆ, ಜೊತೆಗಾರ ಮಂಜ ಸ್ಪೇಸ್ ಒತ್ತುತ್ತಾನೆ. ಎರಡೂ ಬೆರೆತರೆ ಪ್ರೋಗ್ರಾಮ್ ಓಡುವುದಿಲ್ಲ. ಇದಕ್ಕೇ ನಿನ್ನೆ ಜಗಳವಾಡಿ ಮಾತು ಬಿಟ್ಟಿದ್ದೆವು. ಬೆಳಿಗ್ಗೆ ‘ಹೋಗಲಿ ಪಾಪ’ ಎಂದು ನಾನೇ ನನ್ನ ಟ್ಯಾಬ್‌ಗಳನ್ನೆಲ್ಲ ಎಡಿಟರಿನಲ್ಲಿ ಸ್ಪೇಸ್ ಮಾಡಿದ್ದೆ. ಮಾರೇನಹಳ್ಳಿಯ ಸೈಬರ್ ಕೆಫೆಯಲ್ಲಿ ಕೂತು, ಅವನು ಮೇಲ್ ಮಾಡಿದ್ದ ಭಾಗ ಸೇರಿಸಿದರೆ ಮತ್ತೆ ಅದೇ ಎರರ್! ತಕ್ಷಣ ಮಂಜನಿಗೆ ಫೋನ್ ಮಾಡಿದೆ.

"ಮಗಾ, ನಿನ್ನ ಫೈಲಲ್ಲಿ ಏನ್ ಮಾಡಿದ್ಯೋ?"

"ನಿನಗೋಸ್ಕರ ಎಲ್ಲಾ ಟ್ಯಾಬ್ ಮಾಡ್ದೆ ಕಣೋ. ಬೇಡ್ವಾ? ಈಗ್ಲೇ ವಾಪಸ್ ಸ್ಪೇಸ್ ಮಾಡ್ತೀನಿ."

"ಅಯ್ಯೋ, ನೀನೇನೂ ಮುಟ್ಬೇಡ ಗುರು! ನಾನೇ ಮಾಡ್ತೀನಿ."

ಅವನ ಭಾಗವನ್ನೂ ಸ್ಪೇಸ್ ಮಾಡಿದ ಮೇಲೆ ಕೊನೆಗೂ ಓಡಿತು. ನಮ್ಮಿಬ್ಬರಲ್ಲಿ ಒಬ್ಬನಾದರೂ ಹಠ ಬಿಡದೆ ಇದ್ದಿದ್ದರೆ ಮೊದಲ ಸಲವೇ ಓಡುತ್ತಿತ್ತು.