ಅತ್ತೆಯ ದಂಟಿನ ಸೊಪ್ಪಿಗೆ ಬರುತ್ತಿದ್ದ ನೀರು

ಸ್ನೇಹಿತರೇ, ನಮ್ಮ ಅತ್ತೆ ಕೊಟ್ಟ ದಂಟಿನ ಸೊಪ್ಪು ಇನ್ನೂ ನಿಮ್ಮ ಫ್ರಿಜ್‌ನಲ್ಲಿದ್ದರೆ ದಯವಿಟ್ಟು ಅಲ್ಲೇ ಇರಲಿ.

ನಮ್ಮ ಪೇರ್ಲ್ಯಾಂಡ್ ಕಡೆಯ ಮನೆ ಮಾರುತ್ತಿದ್ದೇವಲ್ಲ, ಕೊಳ್ಳುವವರು ಕಳಿಸಿದ ಸೆಪ್ಟಿಕ್ ಇನ್‌ಸ್ಪೆಕ್ಟರ್ ಇವತ್ತು ಬೆಳಿಗ್ಗೆ ಬಂದರು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಪಂಪ್ ಆನ್ ಮಾಡಿದರು. ಹಿತ್ತಲಿನ ಸ್ಪ್ರಿಂಕ್ಲರ್‌ಗಳು ಚಿಮ್ಮಿ ಅತ್ತೆಯ ಸೊಪ್ಪಿನ ಪಾತಿಯೆಲ್ಲ ತೋಯ್ದುಹೋಯಿತು.

"ಇದನ್ನ ನೀವು ತಿಂತೀರಾ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

"ನಾವೊಬ್ಬರೇ ಅಲ್ಲ, ಫ್ರೆಂಡ್ಸಿಗೆಲ್ಲ ಹಂಚ್ತೀವಿ" ಎಂದೆ ಹೆಮ್ಮೆಯಿಂದ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಆ ಸ್ಪ್ರಿಂಕ್ಲರ್‌ಗಳಲ್ಲಿ ಬರುವುದು ಸೆಪ್ಟಿಕ್ ಟ್ಯಾಂಕಿನ ನೀರಂತೆ. ಟ್ಯಾಂಕಿನಲ್ಲೇ ಶುದ್ಧವಾಗಿ ಬರುತ್ತದಂತೆ, ಆದರೆ ಅದು ಹುಲ್ಲಿಗೆ ಮಾತ್ರ. ಅಲ್ಲಿ ಸೊಪ್ಪು ತರಕಾರಿ ಬೆಳೆಯಲೇಬಾರದಂತೆ. ಆರು ವರ್ಷ ಇದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಮೊನ್ನೆಯಷ್ಟೇ ದೇವಸ್ಥಾನದಲ್ಲಿ "ಗೊಬ್ಬರ ಏನೂ ಹಾಕಿಲ್ಲಮ್ಮ, ಬರೀ ನೀರು" ಎನ್ನುತ್ತಾ ಕಟ್ಟು ಕಟ್ಟು ಹಂಚಿದ್ದ ಅತ್ತೆಗೆ ಇದನ್ನು ಕನ್ನಡದಲ್ಲಿ ವಿವರಿಸಿದೆ. ಅವರು ಬಗ್ಗಿ ಒಂದು ದಂಟನ್ನು ಮುಟ್ಟಿ ನೋಡಿದರು.

"ಅದಕ್ಕೇ ಅಷ್ಟು ಸೊಂಪಾಗಿ ಬರ್ತಿತ್ತು ಅನ್ನು!" ಎಂದರು. ಆಮೇಲೆ ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡ ಕಣೇ. ತಿಂದೋರೆಲ್ಲ ಗಟ್ಟಿಮುಟ್ಟಾಗೇ ಇದ್ದಾರಲ್ಲ" ಎಂದರು.

ನಾನೂ ಸುಮ್ಮನಿರುತ್ತಿದ್ದೆನೇನೋ. ಆದರೆ ಪಕ್ಕದ ಬೀದಿಯ ಲಲಿತಾ ಆಂಟಿ, ನೀವು ಇವತ್ತು ಸಂಜೆ ನಮ್ಮನ್ನೆಲ್ಲ ಊಟಕ್ಕೆ ಕರೆದು, "ನಿಮ್ಮತ್ತೆ ಕೊಟ್ಟ ಸೊಪ್ಪಿಂದೇ ಹುಳಿ ಮಾಡ್ತಿದೀನಿ" ಅಂದಿದ್ದೀರಿ.

ಆಂಟಿ, ನಮಗೆ ಮೊಸರನ್ನ ಸಾಕು.