ಖಾಲಿ ಕುರ್ಚಿಯ ಕೂಡ ವಾದ

ಹೋದ ವಾರ ನಮ್ಮ ಖೈತಾನ್ ಬಿಲ್ಡಿಂಗಿನ ಲಿಫ್ಟಿನ ಬಾಗಿಲು ತೆರೆದಾಗ ನೀಲಗಿರಿ ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಯಾರೂ ಇರಲಿಲ್ಲ. ನಾನು ಹತ್ತದೆ ಮೆಟ್ಟಿಲು ಹಿಡಿದೆ. ಎದುರು ಮನೆಯ ಕಾಕಾ ಅದೇ ಎಣ್ಣೆಯನ್ನು ಮೊಣಕಾಲಿಗೆ ಹಚ್ಚಿಕೊಂಡು ಶನಿವಾರ ಸಂಜೆ ನಮ್ಮ ಬಾಗಿಲು ತಟ್ಟುತ್ತಿದ್ದರು... ಮಕ್ಕಳೇ, ಆಗ ನೀವಿಬ್ಬರೂ ತೀರ ಸಣ್ಣವರು. ನಿಮಗೆ ನೆನಪಿರಲಿಕ್ಕಿಲ್ಲ.

ಕಾಕಾ ನಮ್ಮ ಬಾಗಲಕೋಟೆ ಕಡೆಯವರೇ. ಇಲ್ಲಿ, ಈ ಅರಬರ ನಾಡಿನಲ್ಲಿ, ಅಮೆರಿಕದ ಸೈನ್ಯದ ಕ್ಯಾಂಪಿನಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದರು. ಅಲ್ಲಿಯ ಸೈನಿಕರು ತಮ್ಮ ತಮ್ಮ ಕಾಲೇಜಿನ ಫುಟ್‌ಬಾಲ್ ಆಟ ಹಾಕಿಕೊಂಡು ಕೂಗಾಡುವುದನ್ನು ನೋಡಿ ನೋಡಿ ಅವರಿಗೂ ಅದರ ಹುಚ್ಚು ಹತ್ತಿತ್ತು. ಅವರಿಂದ ನಿಮ್ಮ ಅಜ್ಜನಿಗೆ. ಪಪ್ಪಾಯಿ ಆಕಾರದ ಚೆಂಡು. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲವಾದರೆ ಚೆಂಡು ಎದುರಿನವರಿಗೆ. ಅದನ್ನು ಎದೆಗವಚಿಕೊಂಡು ಮಂದಿಯೊಳಗೆ ನುಗ್ಗಿ ಓಡಬಹುದು, ಇಲ್ಲವೇ ದೂರ ಒಗೆಯಬಹುದು. ನನಗೆ ಗೊತ್ತಿದ್ದುದು ಇಷ್ಟೇ, ಅದೂ ಅಡುಗೆಮನೆಯಿಂದ ಕೇಳಿ. ಗಂಡಸರು ಕೂತಲ್ಲಿಗೆ ಹೋಗಿ ಕೂರುವ ರೂಢಿ ನನಗಿರಲಿಲ್ಲ. ಚಹಾದ ತಾಟನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು, ಬಳೆ ಸದ್ದು ಮಾಡಿ, ಒಳಗೆ ಬಂದುಬಿಡುತ್ತಿದ್ದೆ.

ವಾದ ಮಾತ್ರ ಯಾವಾಗಲೂ ಒಂದೇ. ಕಾಕಾ ಓಡುವ ಪಕ್ಷ, ನಿಮ್ಮ ಅಜ್ಜ ಒಗೆಯುವ ಪಕ್ಷ.

"ಎರಡು ಗಜ, ಮೂರು ಗಜ... ಸಾಕಲ್ರೀ ಅಣ್ಣಾರ. ಚೆಂಡು ನಮ್ಮ ಕೈಯಾಗ ಇರ್ತೈತಿ. ಹೊತ್ತೂ ಹೋಗ್ತೈತಿ. ಎದುರಿನವ ಸುಮ್ನ ಕುಂತು ನೋಡಬೇಕು."

"ನೀ ನಡುವ ನುಗ್ಗತಿ ಅಂತ ಎಲ್ಲಾರಿಗೂ ಗೊತ್ತೈತೋ ತಮ್ಮಾ. ಅದಕ ಅಷ್ಟೂ ಮಂದಿ ಅಲ್ಲೇ ನಿಂತಾರ. ಮ್ಯಾಲೆ ನೋಡು, ಆಕಾಶ ಖಾಲಿ ಐತಿ. ಒಗಿ! ನೀ ಹೆಂಡ್ತಿ ಕೂಡ ಮಾತಾಡಾಕೂ ಅಂಜತಿ, ಚೆಂಡು ಒಗ್ಯಾಕೂ ಅಂಜತಿ."

ಇಬ್ಬರೂ ನಗುತ್ತಿದ್ದರು. ನಾನೂ ಒಳಗೆ, ಸೆರಗು ಬಾಯಿಗೆ ಹಿಡಿದು.

ನಿಮ್ಮ ಅಜ್ಜ ಹೋದರು. ಊರಿನಲ್ಲಿ ಎಲ್ಲ ಕಾರ್ಯ ಮುಗಿಸಿ ನಿಮ್ಮಪ್ಪನ ಜೊತೆ ಮರಳಿ ಬಂದೆ. ಮೊದಲ ಶನಿವಾರ ನೀವೆಲ್ಲ ಜಮೀಯಾ ಅಂಗಡಿಗೆ ಸಾಮಾನು ತರಲು ಹೋದಾಗ ಬಾಗಿಲು ತಟ್ಟಿದ ಸದ್ದಾಯಿತು. ಕಾಕಾ ಒಳಗೆ ಬಂದು, ತಾವು ಯಾವಾಗಲೂ ಕೂರುವ ಜಾಗದಲ್ಲೇ ಕೂತು ಟಿ.ವಿ. ಹಚ್ಚಿದರು. ನಾನು ಚಹಾ ಇಟ್ಟೆ. ಕೈಯಲ್ಲಿ ಬಳೆ ಇರಲಿಲ್ಲ, ಚಮಚದಿಂದ ಲೋಟ ತಟ್ಟಿದೆ.

ಒಳಗೆ ಬಂದ ಮೇಲೆ ಮಾತು ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. "ಓಡಿಸಬೇಕ್ರೀ ಅಣ್ಣಾರ" ಅನ್ನುತ್ತಿದ್ದರು. ಆಮೇಲೆ ಸುಮ್ಮನಾಗುತ್ತಿದ್ದರು. ನಿಮ್ಮ ಅಜ್ಜ ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟೇ ಹೊತ್ತು. ಆಮೇಲೆ ಸೋತವರಂತೆ ಒಂದು ನಗೆ... ನಾನು ಒಲೆ ಆರಿಸಿ ಗೋಡೆಗೆ ಒರಗಿ ನಿಂತೆ.

ಪ್ರತಿ ಶನಿವಾರ ಹೀಗೇ ನಡೆಯಿತು. ಒಮ್ಮೆ ಕಾಕಾ ಸುಮ್ಮನಿದ್ದು, "ಹೌದೇನ್ರೀ? ಎಡಗಡೆ ಹುಡುಗ ಜಾರ್ತಾನ ಅಂತೀರಾ?" ಎಂದರು. ನಾನು ಬಾಗಿಲ ಸಂದಿಯಿಂದ ಇಣುಕಿದೆ. ತೆರೆಯ ಮೇಲೆ ಎಡಗಡೆಯ ಹುಡುಗ ಜಾರಿ ಬಿದ್ದ. ಕಾಕಾ ನಿಮ್ಮ ಅಜ್ಜನ ಖಾಲಿ ಕುರ್ಚಿಯ ಕಡೆ ತಿರುಗಿ ಮೆಚ್ಚಿ ತಲೆಯಾಡಿಸಿದರು. ನಾನು ಸಂದಿಯಿಂದ ಹಿಂದೆ ಸರಿದೆ.

ನಿಮ್ಮಪ್ಪನಿಗೆ ಹೇಗೋ ತಿಳಿಯಿತು. "ಅವ್ವಾ, ಇದು ಛಲೋ ಅಲ್ಲ. ಮಕ್ಕಳು ಅಂಜತಾವ. ಮುಂದಿನ ಶನಿವಾರ ನಾ ಮನ್ಯಾಗ ಇದ್ದು ಕಾಕಾಗ ಬರಬ್ಯಾಡ್ರಿ ಅಂತ ಹೇಳತೀನಿ" ಎಂದ. ನನಗೂ ಅಂಜಿಕೆ ಇತ್ತು. ಆದರೆ ಆ ವಾದ ನಿಂತರೆ ನಡುನಡುವೆ ಬರುವ ಆ ಮೌನವೂ ನಿಲ್ಲುತ್ತಿತ್ತು. ಈ ಮನೆಯಲ್ಲಿ ನಿಮ್ಮ ಅಜ್ಜ ಉಳಿದಿದ್ದರೆ ಅದರೊಳಗೆ ಮಾತ್ರ ಉಳಿದಿದ್ದರು. "ಇದೊಂದು ವಾರ ಬಿಡಪ್ಪಾ" ಎಂದು ಬೇಡಿಕೊಂಡೆ.

ಆ ಶನಿವಾರ ಹೊರಗೆ ಧೂಳು ಎದ್ದು ಕಿಟಕಿಯೆಲ್ಲ ಕೆಂಪಾಗಿತ್ತು. ನಿಮ್ಮಪ್ಪ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಆಟ ಮುಗಿಯುತ್ತ ಬಂದಿತ್ತು. ನಾಲ್ಕನೆಯ ಸಲ, ಉಳಿದದ್ದು ಒಂದೇ ಗಜ.

"ನುಗ್ಗಬೇಕ್ರೀ ಅಣ್ಣಾರ. ಒಂದು ಗಜಕ್ಕ ಯಾರರ ಒಗೀತಾರೇನು?"

ಸುಮ್ಮನಾದರು. ಕಾದರು. ಆ ಮೌನ ಎಂದಿಗಿಂತ ಉದ್ದವಾಯಿತು. "ಅಣ್ಣಾರ?" ಎಂದರು. ಆಮೇಲೆ, ಎಂದೂ ಅಡುಗೆಮನೆಯ ಕಡೆ ಮುಖ ತಿರುಗಿಸದವರು ತಿರುಗಿ ನೋಡಿದರು.

"ವೈನೀ... ಇವತ್ತ ಯಾಕೋ ಮಾತಾಡವಲ್ರು."

ನನ್ನ ಕಾಲುಗಳು ತಾವಾಗಿಯೇ ಹೊಸ್ತಿಲು ದಾಟಿದವು. ನನಗೆ ಯಾವ ದನಿಯೂ ಕೇಳಿಸಿರಲಿಲ್ಲ. ಅವರು ಎದ್ದು ಹೋಗಬಾರದು, ಅಷ್ಟೇ ನನಗೆ ಬೇಕಾಗಿತ್ತು.

"ಒಗಿ ಅಂತಾರ್ರೀ" ಎಂದೆ.

ತೆರೆಯ ಮೇಲೆ ಎಲ್ಲರೂ ನಡುವೆ ಒತ್ತಿ ನಿಂತಿದ್ದರು. ಹುಡುಗ ಎರಡು ಹೆಜ್ಜೆ ಹಿಂದೆ ಸರಿದು ಚೆಂಡು ಒಗೆದ. ದೂರದಲ್ಲಿ, ಯಾರೂ ಇಲ್ಲದ ಕಡೆ, ಒಬ್ಬನೇ ಒಬ್ಬ ಅದನ್ನು ಹಿಡಿದ. ಜನ ಕೂಗಿದರು. ಕಾಕಾ ಅದನ್ನು ನೋಡಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಮೆಲ್ಲಗೆ ಎದ್ದು ಟಿ.ವಿ. ಆರಿಸಿದರು.

"ಇನ್ನ ನಾ ಬರೂದಿಲ್ಲ ವೈನೀ. ನನ್ನ ಕೂಡ ಮಾತು ಬಿಟ್ಟಾರ. ಈಗ ನಿಮ್ಮ ಕೂಡ ಮಾತಾಡತಾರ. ಅದೇ ಬರೋಬ್ಬರಿ."

ಅವರ ಮುಖದಲ್ಲಿ ಎಂಥ ಸಮಾಧಾನವಿತ್ತೆಂದರೆ, ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ನಿಮ್ಮಪ್ಪ ಏನೂ ಹೇಳುವ ಕೆಲಸವೇ ಉಳಿಯಲಿಲ್ಲ. ಕೆಲವೇ ತಿಂಗಳಲ್ಲಿ ಕಾಕಾರ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಗಿಯಿತು, ಊರಿಗೆ ಹೋದರು. ಆಮೇಲೆ ಅವರೂ ಹೋದರೆಂದು ಸುದ್ದಿ ಬಂತು...

ಈಗ ಶನಿವಾರ ಸಂಜೆ ನೀವು ಆ ಆಟ ಹಚ್ಚಿದಾಗ ನಾನು ಹಾಲಿನಲ್ಲೇ ಬಂದು ಕೂರುತ್ತೇನೆ. ಅಜ್ಜಿಗೇನು ತಿಳಿಯುತ್ತದೆ ಎಂದು ನೀವು ಇಂಗ್ಲಿಷಿನಲ್ಲಿ ಗುಸುಗುಸು ಮಾಡುತ್ತೀರಿ. ಹುಡುಗರು ಚೆಂಡು ಅವಚಿಕೊಂಡು ನಡುವೆ ನುಗ್ಗಿದರೆ ನಾನು ಬಾಯೊಳಗೇ "ಒಗಿ" ಎನ್ನುತ್ತೇನೆ. ಬೇಡ, ಓಡಿಸಬೇಕು ಎಂದು ಜಗಳಕ್ಕೆ ಬರುವವರು ಯಾರೂ ಇಲ್ಲ. ಇಬ್ಬರೂ ಹೋದರು ಎಂಬುದು ನನಗೆ ಆಗ ತಿಳಿಯುತ್ತದೆ. ಆದರೂ ಅಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಒಬ್ಬ ಮನುಷ್ಯ ಉತ್ತರ ಕೊಡಲು ಎಷ್ಟು ಬೇಕೋ, ಅಷ್ಟು ಹೊತ್ತು.